ಗುಲಾಬಿ ಪಕ್ಕ ಏನು ನೆಡೋದು: ಲ್ಯಾವೆಂಡರಾ, ಬೆಳ್ಳುಳ್ಳಿನಾ, ಚೆಂಡುಹೂವಾ?

ಗುಲಾಬಿ ಗಿಡದ ತಲೆ ಎಷ್ಟು ಚೆಂದವೋ ಕಾಲು ಅಷ್ಟೇ ಬೋಳು. ಮೇಲೆ ಹೂವು, ಮಧ್ಯ ಎಲೆ, ಕೆಳಗೆ ಒಂದಡಿ ಒಂದೂವರೆ ಅಡಿ ಬರೀ ಮುಳ್ಳುಕಡ್ಡಿ, ಅದರ ಕೆಳಗೆ ಬರೀ ಮಣ್ಣು. ಅದನ್ನ ದಿನಾ ನೋಡ್ತಾ ನೋಡ್ತಾ ಒಂದಿನ ಅನ್ಸೇ ಅನ್ಸತ್ತೆ, ಈ ಜಾಗದಲ್ಲಿ ಇನ್ನೊಂದು ಗಿಡ ಹಾಕ್ಬಹುದಲ್ಲ ಅಂತ. ಯಾರನ್ನ ಕೇಳಿದ್ರೂ ಒಂದೊಂದು ಹೆಸರು ಹೇಳ್ತಾರೆ, ಬೆಳ್ಳುಳ್ಳಿ ಹಾಕಿ ಹೇನು (ಚಿಗುರಿನ ರಸ ಹೀರೋ ಸಣ್ಣ ಹುಳ, ಏಫಿಡ್ ಅಂತಾರಲ್ಲ ಅದು) ಬರಲ್ಲ, ಚೆಂಡುಹೂ ಹಾಕಿ ಯಾವ ಹುಳನೂ ಬರಲ್ಲ, ಲ್ಯಾವೆಂಡರ್ ಹಾಕಿ ಫೋಟೋದಲ್ಲಿ ಇದ್ದ ಹಾಗೆ ಕಾಣತ್ತೆ ಅಂತ. ಯಾವುದೂ ಪೂರ್ತಿ ಸುಳ್ಳಲ್ಲ, ಆದ್ರೆ ಯಾರೂ ಹೇಳದೇ ಇರೋ ವಿಷಯ ಏನಂದ್ರೆ ಗುಲಾಬಿಗೆ ಬಾಯಾರಿಕೆ ಜಾಸ್ತಿ, ಹಸಿವೂ ಜಾಸ್ತಿ, ಜೊತೆಗೆ ಬುಡದಲ್ಲಿ ಗಾಳಿ ಆಡ್ಬೇಕು. ಈ ಮೂರನ್ನೂ ಸಹಿಸ್ಕೊಂಡು ಬದುಕೋ ಗಿಡ ಮಾತ್ರ ಅದರ ಪಕ್ಕ ನಿಲ್ಲತ್ತೆ. ಹುಳ ಓಡ್ಸತ್ತಾ ಇಲ್ವಾ ಅನ್ನೋದು ನನ್ನ ಪ್ರಕಾರ ಕೊನೇ ಪ್ರಶ್ನೆ, ಅದನ್ನೇ ಮೊದಲ ಪ್ರಶ್ನೆ ಮಾಡ್ಕೊಂಡ್ರೆ ಆಯ್ಕೆ ತಪ್ಪತ್ತೆ.

ಮೊದಲು ನಿಮ್ಮ ಗುಲಾಬಿ ಯಾವ ಥರದ್ದು ನೋಡ್ಕೊಳ್ಳಿ

ಎಲ್ಲಾ ಗುಲಾಬಿಗೂ ಜೊತೆಗಾರ ಗಿಡ ಬೇಕು ಅಂತೇನೂ ಇಲ್ಲ. ಹೈಬ್ರಿಡ್ ಟೀ, ಅಂದ್ರೆ ಉದ್ದ ಕಡ್ಡಿಯ ತುದಿಗೆ ಒಂದೇ ದೊಡ್ಡ ಹೂ ಬಿಡೋ ಜಾತಿ, 1867ರ ಲಾ ಫ್ರಾನ್ಸ್ ಅನ್ನೋ ತಳಿಯನ್ನ ಈ ವರ್ಗದ ಮೊದಲನೇದು ಅಂತ ಎಣಿಸ್ತಾರೆ, ಇವು ನೆಟ್ಟಗೆ ಬೆಳೆಯತ್ತೆ, ಕಾಲು ಪೂರ್ತಿ ಬೋಳು, ರೋಗಾನೂ ಇವಕ್ಕೇ ಹೆಚ್ಚು. ಜೊತೆಗಾರನ ಅಗತ್ಯ ಹೆಚ್ಚು ಇರೋದು ಇವಕ್ಕೆ, ಮತ್ತೆ ತಪ್ಪು ಜೊತೆಗಾರನಿಂದ ಹೆಚ್ಚು ಕಷ್ಟಪಡೋದೂ ಇವೇ. ಫ್ಲೋರಿಬಂಡಾ ಗೊಂಚಲು ಹೂವಿನದು, 1958ರ ಐಸ್‌ಬರ್ಗ್ ಗೊತ್ತಿರಬಹುದು, ಪೊದೆ ಸ್ವಲ್ಪ ತುಂಬ್ಕೊಂಡಿರತ್ತೆ, ಅದಕ್ಕೆ ಮುಂಭಾಗದಲ್ಲಿ ಗಿಡ್ಡ ಗಿಡ ಸಾಕು. ಶ್ರಬ್ ಗುಲಾಬಿಗಳು, 2000ದಲ್ಲಿ ಬಂದ ನಾಕ್ ಔಟ್ ಥರದವು, ನೆಲದವರೆಗೂ ಎಲೆ ಇಟ್ಕೊಂಡಿರತ್ತೆ, ರೋಗನೂ ಕಮ್ಮಿ, ಅದರ ಬುಡಕ್ಕೆ ಏನನ್ನೂ ತುರುಕೋ ಅಗತ್ಯನೇ ಇಲ್ಲ, ಪಕ್ಕದಲ್ಲಿ ಬಣ್ಣಕ್ಕೆ ಅಂತ ಒಂದು ಗಿಡ ಇಟ್ರೆ ಮುಗೀತು. ಮಿನಿಯೇಚರ್ ಗುಲಾಬಿ ತಾನೇ ಒಂದಡಿ ಎತ್ತರ, ಅದರ ಪಕ್ಕ ಏನೇ ಹಾಕಿದ್ರೂ ಅದನ್ನೇ ಮುಚ್ಚಿಬಿಡತ್ತೆ, ಹಾಗಾಗಿ ಆಲಿಸಮ್ ಅನ್ನೋ ನೆಲಕ್ಕೆ ಹಬ್ಬೋ ಗಿಡ್ಡ ಹೂಗಿಡ ಬಿಟ್ಟು ಬೇರೆ ಯೋಚನೆ ಬೇಡ. ಬಳ್ಳಿ ಗುಲಾಬಿ ಕಥೆ ಬೇರೆ, ಅದನ್ನ ಮುಂದೆ ಹೇಳ್ತೀನಿ.

ಗಾಳಿ ವಿಷಯ ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ

ಗುಲಾಬಿಗೆ ಬರೋ ಕಪ್ಪುಚುಕ್ಕೆ ರೋಗ ಒಂದು ಶಿಲೀಂಧ್ರ, ಅದರ ಬೀಜಕಣ ಎಲೆ ಮೇಲೆ ಬಿದ್ದ ತಕ್ಷಣ ಏನೂ ಆಗಲ್ಲ, ಎಲೆ ಹೆಚ್ಚುಕಮ್ಮಿ ಏಳು ಗಂಟೆ ಬಿಡದೆ ಒದ್ದೆಯಾಗಿದ್ರೆ ಮಾತ್ರ ಅದು ಮೊಳೆತು ಒಳಗೆ ಇಳಿಯತ್ತೆ. ಅಂದ್ರೆ ಎಲೆ ಬೇಗ ಒಣಗಿದ್ರೆ ಅರ್ಧ ರೋಗ ಅಲ್ಲೇ ನಿಂತ ಹಾಗೆ. ಬುಡದ ಸುತ್ತ ದಟ್ಟವಾಗಿ ಇನ್ನೊಂದು ಗಿಡ ಬೆಳೆಸಿದ್ರೆ ಕೆಳಗಿನ ಎಲೆಗಳು ಮಧ್ಯಾಹ್ನದವರೆಗೂ ಒದ್ದೆ ಇರತ್ತೆ, ರೋಗ ಶುರು ಆಗೋದೇ ಆ ಕೆಳಗಿನ ಎಲೆಗಳಿಂದ. ಬೂದಿರೋಗ ಇದಕ್ಕೆ ಉಲ್ಟಾ, ಅದಕ್ಕೆ ಎಲೆ ಮೇಲೆ ನೀರೇ ಬೇಡ, ಹಗಲು ಬೆಚ್ಚಗಿದ್ದು ರಾತ್ರಿ ಗಾಳಿಯಲ್ಲಿ ತೇವ ಇದ್ದು ಗಿಡಗಳ ಮಧ್ಯ ಗಾಳಿ ಆಡದೇ ಇದ್ರೆ ಸಾಕು, ಚಿಗುರಿನ ಮೇಲೆ ಬಿಳಿ ಪುಡಿ ಕೂತ್ಕೊಳ್ಳತ್ತೆ. ಎರಡಕ್ಕೂ ಔಷಧಿಗಿಂತ ಮೊದಲು ಬೇಕಾಗಿರೋದು ಒಂದೇ, ಖಾಲಿ ಜಾಗ.

ನಾನು ಮೂರು ಹೈಬ್ರಿಡ್ ಟೀ ಗಿಡದ ಸುತ್ತ ಪೆಟೂನಿಯಾ ಹಾಕಿದ್ದೆ, ಎರಡು ತಿಂಗಳು ನೋಡೋಕೆ ಕಣ್ಣಿಗೆ ಹಬ್ಬ, ಆಮೇಲೆ ಅದು ಹಬ್ಬಿ ಗುಲಾಬಿ ಕಡ್ಡಿ ಹತ್ಕೊಂಡು ಮೇಲೆ ಹೋಗಿ ಕೆಳಗಿನ ಒಂದಡಿ ಎಲೆ ಪೂರ್ತಿ ಹಳದಿಯಾಗಿ ಉದುರಿತು, ಮೇಲಿಂದ ನೋಡಿದ್ರೆ ಒಳಗೆ ಏನಾಗ್ತಿದೆ ಅಂತ ಗೊತ್ತೇ ಆಗ್ಲಿಲ್ಲ. ಅವತ್ತಿಂದ ನನ್ನ ಲೆಕ್ಕ ಇಷ್ಟೇ, ಗುಲಾಬಿ ಬುಡದಿಂದ ಕನಿಷ್ಠ ಒಂದಡಿ ಸುತ್ತ ಏನೂ ಇರಬಾರದು, ಬರೀ ಮಲ್ಚ್, ಅಂದ್ರೆ ಮಣ್ಣಿನ ಮೇಲೆ ಹೊದಿಸೋ ಒಣ ಎಲೆ ಹುಲ್ಲಿನ ಹೊದಿಕೆ. ಜೊತೆಗಾರ ಗಿಡ ಅದರಾಚೆ. ನೋಡೋರ ಕಣ್ಣಿಗೆ ಮುಂದಿನ ಗಿಡ ಹಿಂದಿನ ಬೋಳು ಕಾಲನ್ನ ಮುಚ್ಚತ್ತೆ, ನಿಜವಾಗಿ ಬುಡಕ್ಕೆ ತಾಗಿರಲೇಬೇಕು ಅಂತಿಲ್ಲ.

ಲ್ಯಾವೆಂಡರ್, ಕ್ಯಾಟ್‌ಮಿಂಟ್, ನೀಲಿ ಸಾಲ್ವಿಯಾ

ಈ ಮೂರರ ಹೋಲಿಕೆನೇ ಎಲ್ಲಕ್ಕಿಂತ ಮುಖ್ಯ ಅಂತ ನಂಗನ್ಸತ್ತೆ, ಯಾಕಂದ್ರೆ ಮೂರೂ ಮಾಡೋ ಕೆಲಸ ಒಂದೇ, ಗುಲಾಬಿ ಮುಂದೆ ನೇರಳೆ ನೀಲಿ ಬಣ್ಣ ಕೊಡೋದು. ಆ ಬಣ್ಣ ಅಷ್ಟು ಒಪ್ಪೋದಕ್ಕೂ ಕಾರಣ ಇದೆ. ಗುಲಾಬಿಯಲ್ಲಿ ಬಿಳಿ, ಹಳದಿ, ಕೇಸರಿ, ಕೆಂಪು, ಗುಲಾಬಿ ಎಲ್ಲಾ ಇದೆ, ನಿಜವಾದ ನೀಲಿ ಮಾತ್ರ ಇಲ್ಲ, ನೀಲಿಗೆ ಬೇಕಾದ ಡೆಲ್ಫಿನಿಡಿನ್ ಅನ್ನೋ ವರ್ಣದ್ರವ್ಯ ಮಾಡೋ ಶಕ್ತಿ ಆ ಗಿಡಕ್ಕೆ ಹುಟ್ಟಿನಿಂದಲೇ ಇಲ್ಲ. ಹಾಗಾಗಿ ಗುಲಾಬಿ ಮಡಿಯಲ್ಲಿ ಇಲ್ಲದೇ ಇರೋ ಬಣ್ಣವನ್ನ ಪಕ್ಕದ ಗಿಡ ತಂದುಕೊಟ್ಟಾಗ ಇಡೀ ಮಡಿ ತುಂಬಿದ ಹಾಗೆ ಕಾಣತ್ತೆ.

ಲ್ಯಾವೆಂಡರ್ ಹೆಸರು ಎಲ್ರ ಬಾಯಲ್ಲೂ ಮೊದಲು ಬರತ್ತೆ. ಆದ್ರೆ ಅದರ ಸ್ವಭಾವ ನೋಡಿ. ಒಣ ಮಣ್ಣು ಬೇಕು, ಸಾರ ಕಮ್ಮಿ ಇರೋ ಮಣ್ಣು ಬೇಕು, ನೀರು ತಕ್ಷಣ ಬಸಿದು ಹೋಗ್ಬೇಕು, ಪಿಎಚ್, ಅಂದ್ರೆ ಮಣ್ಣಿನ ಹುಳಿ ಕ್ಷಾರದ ಅಳತೆ, 7ರ ಆಸುಪಾಸು ಅಥವಾ ಅದಕ್ಕಿಂತ ಸ್ವಲ್ಪ ಮೇಲಿದ್ರೆ ಖುಷಿ. ಗುಲಾಬಿಗೆ ಬೇಕಾಗಿರೋದು 6ರಿಂದ 6.5, ಕಾಂಪೋಸ್ಟ್ ತುಂಬಿದ ಮಣ್ಣು, ವಾರಕ್ಕೊಂದೆರಡು ಸಲ ಬೇರಿನವರೆಗೂ ಇಳಿಯೋ ಅಷ್ಟು ನೀರು. ಒಬ್ಬರಿಗೆ ಊಟ ಅನ್ಸೋದು ಇನ್ನೊಬ್ಬರಿಗೆ ಅಜೀರ್ಣ. ಗುಲಾಬಿಗೆ ಅಂತ ಹಾಕಿದ ಗೊಬ್ಬರ ತಿಂದು ಲ್ಯಾವೆಂಡರ್ ಮೆತ್ತಗೆ ಉದ್ದುದ್ದ ಬೆಳೆದು ಮಧ್ಯದಲ್ಲಿ ಸೀಳಿ ಬಿದ್ದುಹೋಗತ್ತೆ, ಹೂವೂ ಕಮ್ಮಿ, ಮಣ್ಣು ಭಾರ ಇದ್ರಂತೂ ಬೇರು ಕೊಳೆತು ಒಂದೇ ಮಳೆಗಾಲಕ್ಕೆ ಮುಗೀತು. ಹಾಗಂತ ಆಗೋದೇ ಇಲ್ಲ ಅಂತಲ್ಲ. ಮಡಿಯ ಅಂಚನ್ನ ಗೇಣೆತ್ತರ ಏರಿಸಿ, ಅಲ್ಲಿನ ಮಣ್ಣಿಗೆ ದಪ್ಪ ಮರಳು ಜಲ್ಲಿ ಬೆರೆಸಿ, ಗುಲಾಬಿಯಿಂದ ಎರಡಡಿ ದೂರ ಇಟ್ಟು, ನೀರನ್ನ ಗುಲಾಬಿ ಬುಡಕ್ಕೆ ಮಾತ್ರ ಕೊಟ್ರೆ ಎರಡೂ ಬದುಕತ್ತೆ. ಇಷ್ಟು ಮಾಡೋ ತಾಳ್ಮೆ ಇದ್ರೆ ಮಾತ್ರ ಲ್ಯಾವೆಂಡರ್ ತಗೊಳ್ಳಿ.

ಕ್ಯಾಟ್‌ಮಿಂಟ್ ಅಂದ್ರೆ ನೆಪಿಟಾ, ದೂರದಿಂದ ನೋಡಿದ್ರೆ ಲ್ಯಾವೆಂಡರ್ ಅಂತಾನೇ ಅನ್ಸತ್ತೆ, ಬೂದು ಹಸಿರು ಎಲೆ, ನೇರಳೆ ತೆನೆ. ಆದ್ರೆ ಇದು ಗುಲಾಬಿಯ ಮಣ್ಣಿಗೆ, ನೀರಿಗೆ ಹೆಚ್ಚು ಗಲಾಟೆ ಮಾಡದೆ ಹೊಂದ್ಕೊಳ್ಳತ್ತೆ. ಮೊದಲ ಹೂವು ಮುಗಿದ ಮೇಲೆ ಅರ್ಧಕ್ಕೆ ಕತ್ತರಿಸಿದ್ರೆ ಮತ್ತೆ ಚಿಗುರಿ ಎರಡನೇ ಸಲ ಹೂ ಬಿಡತ್ತೆ, ಗುಲಾಬಿನೂ ಅದೇ ಹೊತ್ತಿಗೆ ಎರಡನೇ ಸುತ್ತು ಶುರು ಮಾಡಿರತ್ತೆ. ವಾಕರ್ಸ್ ಲೋ ಅನ್ನೋ ತಳಿ ತುಂಬಾ ಜನ ಹಾಕ್ತಾರೆ, ಹೆಸರಲ್ಲಿ ಲೋ ಅಂತಿದ್ರೂ ಅದು ಎರಡಡಿ ದಾಟತ್ತೆ, ಗಿಡ್ಡ ಗುಲಾಬಿ ಮುಂದೆ ಅದನ್ನ ಇಡ್ಬೇಡಿ. ಬೆಕ್ಕುಗಳು ಬಂದು ಹೊರಳಾಡೋ ಸಾಧ್ಯತೆ ಇದೆ, ಗಿಡ ಚಿಕ್ಕದಿದ್ದಾಗ ಸುತ್ತ ನಾಲ್ಕು ಕಡ್ಡಿ ಚುಚ್ಚಿಟ್ರೆ ಒಳ್ಳೇದು. ಹಿತವಾದ, ಚಳಿ ಇರೋ ಹವೆಯವರಿಗೆ ನಾನು ಕಣ್ಮುಚ್ಚಿ ಹೇಳೋದು ಇದನ್ನೇ.

ಸೆಖೆ ಮತ್ತೆ ತೇವ ಎರಡೂ ಜಾಸ್ತಿ ಇರೋ ಕಡೆ ಮಾತ್ರ ಲ್ಯಾವೆಂಡರೂ ಸೊರಗತ್ತೆ ಕ್ಯಾಟ್‌ಮಿಂಟೂ ಸೊರಗತ್ತೆ. ಅಲ್ಲಿ ನೀಲಿ ಸಾಲ್ವಿಯಾ, ಸಾಲ್ವಿಯಾ ಫರಿನೇಸಿಯಾ ಅಂತಾರಲ್ಲ ಅದು, ಗೆಲ್ಲತ್ತೆ. ಒಂದೂವರೆ ಎರಡಡಿ ಎತ್ತರ, ನೆಟ್ಟಗೆ ನಿಲ್ಲತ್ತೆ, ಹರಡಲ್ಲ, ಬಿಸಿಲು ತಡ್ಕೊಳ್ಳತ್ತೆ, ಬಾಡಿದ ತೆನೆ ಕತ್ತರಿಸ್ತಾ ಹೋದ್ರೆ ತಿಂಗಳುಗಟ್ಟಲೆ ಹೂ. ಸಾಲ್ವಿಯಾ ಪಕ್ಕ ಇದ್ರೆ ಗುಲಾಬಿಗೆ ಕಪ್ಪುಚುಕ್ಕೆ ಬರಲ್ಲ ಅಂತ ತುಂಬಾ ಜನ ಹೇಳ್ತಾರೆ, ನಾನು ಅದನ್ನ ನಂಬಿ ನೆಡಲ್ಲ, ನನ್ನ ಗಿಡಗಳಲ್ಲಿ ಸಾಲ್ವಿಯಾ ಇದ್ದ ಕಡೆನೂ ಚುಕ್ಕೆ ಬಂದಿದೆ. ಬಣ್ಣಕ್ಕೆ, ಜೇನುಹುಳಕ್ಕೆ ಅಂತ ನೆಡಿ, ಅಷ್ಟಕ್ಕೇ ಅದು ಪೂರ್ತಿ ಬೆಲೆ ಬಾಳತ್ತೆ.

ಬೆಳ್ಳುಳ್ಳಿ, ಈರುಳ್ಳಿ, ಚೈವ್ಸ್

ಬೆಳ್ಳುಳ್ಳಿ ವಾಸನೆಗೆ ಹೇನು ಬರಲ್ಲ ಅನ್ನೋದು ಹಳೇ ನಂಬಿಕೆ. ಇದರಲ್ಲಿ ಎಷ್ಟು ನಿಜ ಅಂದ್ರೆ, ಬೆಳ್ಳುಳ್ಳಿಯ ಗಂಧಕದ ವಾಸನೆ ಎಲೆ ಜಜ್ಜಿದಾಗ ಜೋರಾಗಿ ಬರತ್ತೆ, ಸುಮ್ನೆ ನಿಂತ ಗಿಡದಿಂದ ಅಷ್ಟು ಬರಲ್ಲ, ಹೇನು ಬಂದು ಕೂರೋ ಚಿಗುರು ಇರೋದು ಮೂರಡಿ ಮೇಲೆ. ಹಾಗಾಗಿ ನಾಲ್ಕು ಎಸಳು ಊರಿಬಿಟ್ರೆ ಇಡೀ ಗಿಡಕ್ಕೆ ಕಾವಲು ಅಂತ ಲೆಕ್ಕ ಹಾಕ್ಬೇಡಿ. ನಾನು ಎರಡು ಗಿಡಕ್ಕೆ ಹಾಕಿ ಎರಡಕ್ಕೆ ಹಾಕದೆ ಬಿಟ್ಟು ನೋಡಿದೆ, ಹೇನು ನಾಲ್ಕಕ್ಕೂ ಒಂದೇ ವಾರದಲ್ಲಿ ಬಂತು. ನಾಲ್ಕು ಗಿಡದಿಂದ ಸಿದ್ಧಾಂತ ಮಾಡೋಕಾಗಲ್ಲ ನಿಜ, ಆದ್ರೂ ಅದರ ಮೇಲೆ ಭರವಸೆ ಇಟ್ಕೊಳ್ಳೋದನ್ನ ನಾನು ಬಿಟ್ಟೆ.

ಬೆಳ್ಳುಳ್ಳಿಯ ನಿಜವಾದ ಸಮಸ್ಯೆ ಅದಲ್ಲ, ಅದನ್ನ ಅಗೆದು ತೆಗೀಬೇಕು. ಎಲೆ ಹಳದಿಯಾದ ಮೇಲೆ ಗಡ್ಡೆ ಕೀಳೋಕೆ ಹೋದ್ರೆ ಗುಲಾಬಿಯ ಮೇಲ್ಮಣ್ಣಿನ ಸಣ್ಣ ಬೇರುಗಳು, ಆಹಾರ ಹೀರೋ ಬೇರು ಅವೇ, ಹರಿದುಹೋಗತ್ತೆ. ಈರುಳ್ಳಿದೂ ಇದೇ ಕಥೆ. ಚೈವ್ಸ್ ಇದ್ಯಲ್ಲ, ಸಣ್ಣ ಈರುಳ್ಳಿ ಸೊಪ್ಪಿನ ಥರದ್ದು, ಅದನ್ನ ಅಗೆಯೋದೇ ಇಲ್ಲ, ಒಂದ್ಸಲ ನೆಟ್ರೆ ಗುಚ್ಛವಾಗಿ ಅಲ್ಲೇ ಇರತ್ತೆ, ಮೇಲಿಂದ ಸೊಪ್ಪು ಕತ್ತರಿಸ್ಕೊಳ್ಳೋದು ಅಷ್ಟೇ, ತಿಳಿನೇರಳೆ ಚೆಂಡಿನಂಥ ಹೂ ಬಿಡತ್ತೆ, ಜೇನುಹುಳ ಮುತ್ಕೊಳ್ಳತ್ತೆ, ಎಲೆ ಕೊಳವೆ ಥರ ನೆಟ್ಟಗೆ ಇರೋದ್ರಿಂದ ಗಾಳಿಗೂ ಅಡ್ಡ ಇಲ್ಲ. ಈ ಗುಂಪಲ್ಲಿ ನಿಸ್ಸಂಶಯವಾಗಿ ಚೈವ್ಸ್. ಒಂದು ಎಚ್ಚರಿಕೆ ಮಾತ್ರ ಇದೆ, ಗುಲಾಬಿಗೆ ನೀವು ಬೇರಿಗೆ ಹಾಕೋ ಕೀಟನಾಶಕ ಬಳಸ್ತಿದ್ರೆ ಅದರ ಪಕ್ಕದ ಯಾವ ಸೊಪ್ಪನ್ನೂ ತಿನ್ಬೇಡಿ, ಗುಲಾಬಿ ಹೀರಿದ್ದನ್ನ ಪಕ್ಕದ ಗಿಡನೂ ಹೀರತ್ತೆ.

ಚೆಂಡುಹೂ: ಕೆಲಸ ಇದೆ, ಆದ್ರೆ ಬೇರೆ ಕೆಲಸ

ಚೆಂಡುಹೂವಿನ ಬಗ್ಗೆ ಇರೋ ಮಾತಲ್ಲಿ ಗಟ್ಟಿ ವಿಜ್ಞಾನ ಇದೆ, ಜನ ಅದನ್ನ ತಪ್ಪು ಜಾಗಕ್ಕೆ ಹೊಂದಿಸ್ತಾರೆ ಅಷ್ಟೇ. ಅದರ ಬೇರಲ್ಲಿ ಆಲ್ಫಾ ಟರ್ಥಿಯೆನಿಲ್ ಅನ್ನೋ ವಸ್ತು ಇದೆ, ಮಣ್ಣಲ್ಲಿರೋ ಕೆಲವು ಜಾತಿಯ ಜಂತುಹುಳ, ನೆಮಟೋಡ್ ಅಂತೀವಲ್ಲ, ಅದಕ್ಕೆ ಅದು ವಿಷ. ಆದ್ರೆ ಅದು ಕೆಲಸ ಮಾಡ್ಬೇಕಂದ್ರೆ ಇಡೀ ಜಾಗದಲ್ಲಿ ಒತ್ತಾಗಿ ಎರಡು ಮೂರು ತಿಂಗಳು ಚೆಂಡುಹೂ ಮಾತ್ರ ಬೆಳೆದಿರಬೇಕು. ಗುಲಾಬಿ ಮಧ್ಯ ಅಲ್ಲೊಂದು ಇಲ್ಲೊಂದು ನೆಟ್ರೆ ಆ ಲಾಭ ಸಿಗಲ್ಲ. ಎಲೆ ಮೇಲಿನ ಹೇನು, ಥ್ರಿಪ್ಸ್ ಅನ್ನೋ ರಸ ಹೀರೋ ಸಣ್ಣ ಹುಳಕ್ಕೂ ಆ ವಸ್ತುವಿಗೂ ಸಂಬಂಧ ಇಲ್ಲ.

ಇನ್ನೊಂದು ವಿಷಯ, ಒಣ ಬಿಸಿಲಿನ ದಿನಗಳಲ್ಲಿ ಚೆಂಡುಹೂವಿಗೆ ಕೆಂಪು ನುಸಿ, ಅಂದ್ರೆ ಸ್ಪೈಡರ್ ಮೈಟ್, ತುಂಬಾ ಬೇಗ ಹತ್ತತ್ತೆ. ಅದೇ ನುಸಿ ಗುಲಾಬಿಗೂ ಶತ್ರು. ಎಲೆ ಹಿಂದೆ ಸಣ್ಣ ಬಲೆ, ಎಲೆ ಮೇಲೆ ಪಿನ್ನು ಚುಚ್ಚಿದ ಹಾಗೆ ಹಳದಿ ಚುಕ್ಕೆ ಕಾಣಿಸಿದ್ರೆ ಆ ಚೆಂಡುಹೂ ಗಿಡವನ್ನ ಕಿತ್ತು ದೂರ ಹಾಕಿ. ಹಾಗಾದ್ರೆ ಚೆಂಡುಹೂ ಯಾವಾಗ ಒಳ್ಳೇ ಆಯ್ಕೆ? ಹಳೇ ಗುಲಾಬಿ ಸತ್ತು ಅಥವಾ ಕಿತ್ತು ಖಾಲಿಯಾದ ಮಡಿಯಲ್ಲಿ, ಹೊಸದು ನೆಡೋ ಮುಂಚಿನ ಒಂದು ಬೆಳೆಯಾಗಿ. ಗುಲಾಬಿ ಇದ್ದ ಜಾಗಕ್ಕೇ ಮತ್ತೆ ಗುಲಾಬಿ ಹಾಕಿದ್ರೆ ಹೊಸ ಗಿಡ ಏಳೋದೇ ಇಲ್ಲ ಅನ್ನೋ ಅನುಭವ ತುಂಬಾ ಜನಕ್ಕೆ ಆಗಿರತ್ತೆ, ಆ ಮಣ್ಣಿನ ಕಾಯಿಲೆಗೆ ಬರೀ ಚೆಂಡುಹೂ ಸಾಲದು, ಎರಡಡಿ ಅಗಲ ಒಂದೂವರೆ ಅಡಿ ಆಳ ಹಳೇ ಮಣ್ಣು ತೆಗೆದು ಹೊಸದು ತುಂಬೋದು ಇನ್ನೂ ಖಚಿತ. ಜೊತೆಗೇ ನೆಡ್ತೀನಿ ಅಂದ್ರೆ ಮಾತ್ರ ಒಂದಡಿ ಒಳಗಿನ ಗಿಡ್ಡ ಫ್ರೆಂಚ್ ಜಾತಿ ಆರಿಸ್ಕೊಳ್ಳಿ, ಮೂರಡಿ ಬೆಳೆಯೋ ದೊಡ್ಡ ಚೆಂಡುಹೂ ಗುಲಾಬಿಯ ಬಿಸಿಲನ್ನೇ ಕಸೀತದೆ. ಗುಲಾಬಿಗೆ ದಿನಕ್ಕೆ ಆರು ಗಂಟೆಯಾದ್ರೂ ನೇರ ಬಿಸಿಲು ಬೇಕು.

ಹೇನಿಗೆ ನಿಜವಾಗಿ ಕೆಲಸ ಮಾಡೋದು: ಆಲಿಸಮ್, ಸಬ್ಬಸಿಗೆ, ಕೊತ್ತಂಬರಿ

ಓಡಿಸೋ ಗಿಡ ಹುಡುಕೋ ಬದಲು ಕರೆಸೋ ಗಿಡ ಹುಡುಕಿ ಅಂತ ನಾನು ಹೇಳೋದು. ಹೇನು ತಿನ್ನೋ ಹುಳಗಳು ಇವೆಯಲ್ಲ, ಗುಲಗಂಜಿ ಹುಳ, ಲೇಸ್‌ವಿಂಗ್ ಅನ್ನೋ ಜಾಲರಿ ರೆಕ್ಕೆಯ ಹುಳ, ಮುಖ್ಯವಾಗಿ ಸಿರ್ಫಿಡ್ ನೊಣ. ಈ ನೊಣಕ್ಕೆ ಹಳದಿ ಕಪ್ಪು ಪಟ್ಟೆ, ಜೇನುಹುಳ ಅನ್ಕೊಂಡು ಜನ ಹೆದರ್ತಾರೆ, ಅದಕ್ಕೆ ಕೊಂಡಿನೇ ಇಲ್ಲ, ಗಾಳಿಯಲ್ಲಿ ಒಂದೇ ಕಡೆ ನಿಂತ ಹಾಗೆ ಹಾರತ್ತೆ. ಅದರ ಮರಿಹುಳ ದೊಡ್ಡದಾಗೋ ಅಷ್ಟರಲ್ಲಿ ನೂರಾರು ಹೇನು ಹೀರಿ ಮುಗಿಸತ್ತೆ. ಆದ್ರೆ ದೊಡ್ಡ ನೊಣ ತಿನ್ನೋದು ಬರೀ ಮಕರಂದ ಪರಾಗ, ಅದರ ಬಾಯಿ ಗಿಡ್ಡ, ಆಳವಾದ ಹೂವಿನೊಳಗೆ ಇಳಿಯಲ್ಲ, ತುಂಬು ಎಸಳಿನ ಗುಲಾಬಿ ಹೂವಿಂದ ಅದಕ್ಕೆ ಹೆಚ್ಚೇನೂ ಸಿಗಲ್ಲ. ಅದಕ್ಕೆ ಬೇಕಾಗಿರೋದು ಚಿಕ್ಕ ಚಿಕ್ಕ ಬಾಯಿ ತೆರೆದ ಹೂಗಳು.

ಅಲ್ಲಿ ಆಲಿಸಮ್‌ಗೆ ಸಾಟಿ ಇಲ್ಲ. ನಾಲ್ಕರಿಂದ ಆರು ಇಂಚು ಎತ್ತರ, ಬಿಳಿ ಚಾಪೆ ಹಾಸಿದ ಹಾಗೆ, ಜೇನಿನ ಪರಿಮಳ, ಬೇರು ಮೇಲ್ಮೇಲೆ, ಗುಲಾಬಿ ಜೊತೆ ನೀರಿಗೆ ಹೆಚ್ಚು ಪೈಪೋಟಿ ಇಲ್ಲ. ಬೀಜ ಚೆಲ್ಲಿದ ಆರೇಳು ವಾರಕ್ಕೆ ಹೂ. ಕ್ಯಾಲಿಫೋರ್ನಿಯಾದ ಸಾವಯವ ಲೆಟ್ಯೂಸ್ ಹೊಲಗಳಲ್ಲಿ ಸಾಲಿನ ಮಧ್ಯ ಇದನ್ನ ಬೆಳೆಸೋದು ಇದೇ ನೊಣಗಳನ್ನ ಕರೆಸೋಕೆ, ಹೊಲದವರು ಹೊಟ್ಟೆಪಾಡಿಗೆ ಮಾಡೋ ಕೆಲಸ ಅದು, ಬರೀ ಅಂದಕ್ಕಲ್ಲ. ಕಡು ಬೇಸಿಗೆಯಲ್ಲಿ ಹೂ ನಿಂತು ಒಣಗಿದ ಹಾಗೆ ಕಾಣತ್ತೆ, ಕತ್ತರಿ ತಗೊಂಡು ಅರ್ಧಕ್ಕೆ ಬೋಳಿಸಿ ನೀರು ಹಾಕಿದ್ರೆ ತಂಪಾದಾಗ ಮತ್ತೆ ಬರತ್ತೆ.

ಸಬ್ಬಸಿಗೆ ಕೊತ್ತಂಬರಿ ಕೂಡ ಇದೇ ಕೆಲಸ ಮಾಡತ್ತೆ, ಛತ್ರಿಯಂಥ ಹೂಗೊಂಚಲು ಬಿಡೋ ಜಾತಿ ಇವು, ಆದ್ರೆ ಸೊಪ್ಪಿಗೆ ಅಂತ ಕಿತ್ತುಬಿಟ್ರೆ ಪ್ರಯೋಜನ ಇಲ್ಲ, ಹೂ ಬಿಡೋಕೆ ಬಿಡ್ಬೇಕು. ಸಬ್ಬಸಿಗೆ ಎರಡು ಮೂರಡಿ ಎತ್ತರ ಹೋಗತ್ತೆ, ಎಲೆ ದಾರದ ಹಾಗಿರೋದ್ರಿಂದ ನೆರಳು ಜಾಸ್ತಿ ಇಲ್ಲ, ಗುಲಾಬಿ ಹಿಂದೆ ಒಂದು ಸಾಲು ಒಪ್ಪತ್ತೆ. ಹೂ ಎರಡು ಮೂರು ವಾರಕ್ಕೆ ಮುಗಿಯತ್ತೆ ಅನ್ನೋದೇ ಕೊರತೆ. ಒಂದೇ ಆರಿಸ್ಬೇಕಂದ್ರೆ ಆಲಿಸಮ್, ಎರಡಕ್ಕೆ ಜಾಗ ಇದ್ರೆ ಹಿಂದೆ ಸಬ್ಬಸಿಗೆ.

ಇಲ್ಲಿ ಎಲ್ರೂ ಎಡವೋದು ಒಂದೇ ಕಡೆ. ಹೇನು ಕಂಡ ದಿನವೇ ಔಷಧಿ ಹೊಡೀತಾರೆ. ಹೇನಿಗೆ ಗಂಡು ಹೆಣ್ಣು ಕೂಡ್ಲೇಬೇಕು ಅಂತಿಲ್ಲ, ಒಂದೇ ಹೇನು ಮರಿ ಹಾಕ್ತಾ ಹೋಗತ್ತೆ, ಔಷಧಿಗೆ ತಪ್ಪಿಸ್ಕೊಂಡ ನಾಲ್ಕು ಹೇನು ಒಂದು ವಾರದಲ್ಲಿ ಮತ್ತೆ ತುಂಬ್ಕೊಳ್ಳತ್ತೆ, ಸತ್ತ ಗುಲಗಂಜಿ ಹುಳ ಅಷ್ಟು ಬೇಗ ವಾಪಸ್ ಬರಲ್ಲ. ಪೈಪಿನ ನೀರಲ್ಲಿ ಚಿಗುರು ಜೋರಾಗಿ ತೊಳೆದು ಹತ್ತು ದಿನ ಕಾಯಿರಿ, ತೊಳೆಯೋದು ಬೆಳಗ್ಗೆ ಹೊತ್ತು, ಎಲೆ ಒಣಗೋಕೆ ಟೈಮ್ ಸಿಗಬೇಕು. ಹೇನುಗಳ ಮಧ್ಯ ಕಂದು ಬಣ್ಣಕ್ಕೆ ತಿರುಗಿ ಉಬ್ಬಿ ಅಲ್ಲಾಡದೆ ಕೂತಿರೋ ಹೇನು ಕಂಡ್ರೆ ಅದನ್ನ ಉಜ್ಜಿ ತೆಗೀಬೇಡಿ, ಅದರೊಳಗೆ ಒಂದು ಚಿಕ್ಕ ಕಣಜದ ಮರಿ ಬೆಳೀತಿದೆ, ಹೊರಗೆ ಬಂದ ಮೇಲೆ ಅದು ಇನ್ನಷ್ಟು ಹೇನಿನೊಳಗೆ ಮೊಟ್ಟೆ ಇಡತ್ತೆ. ಇರುವೆ ಸಾಲು ಗಿಡ ಹತ್ತಿದ್ರೆ ಮಾತ್ರ ತಡೀರಿ, ಹೇನು ಬಿಡೋ ಸಿಹಿ ಅಂಟಿಗೋಸ್ಕರ ಇರುವೆಗಳು ಈ ಒಳ್ಳೇ ಹುಳಗಳನ್ನ ಓಡಿಸ್ತವೆ. ಗೊಬ್ಬರದಲ್ಲಿ ಸಾರಜನಕ ಜಾಸ್ತಿ ಆದ್ರೂ ಚಿಗುರು ಮೆತ್ತಗಾಗಿ ಹೇನು ಹೆಚ್ಚತ್ತೆ, ಯೂರಿಯಾ ಹಿಡಿ ಹಿಡಿ ಹಾಕಿ ಪಕ್ಕದಲ್ಲಿ ಯಾವ ಗಿಡ ನೆಟ್ರೂ ಉಪಯೋಗ ಇಲ್ಲ.

ಜೆರೇನಿಯಂ ಅಂದ್ರೆ ಎರಡು ಗಿಡ

ಕುಂಡದಲ್ಲಿ ಕೆಂಪು ಗೊಂಚಲು ಬಿಡೋ ದಪ್ಪ ಎಲೆಯ ಗಿಡಕ್ಕೆ ಜೆರೇನಿಯಂ ಅಂತೀವಿ, ಅದರ ನಿಜ ಹೆಸರು ಪೆಲಾರ್ಗೋನಿಯಂ. ಅದರ ಹೂವಿನ ಎಸಳು ತಿಂದ ಜಪಾನಿ ಜೀರುಂಡೆ ಅರ್ಧ ಗಂಟೆಯಲ್ಲಿ ಕೈಕಾಲು ಸೆಟೆದು ಬಿದ್ದಿರತ್ತೆ, ಸುಮಾರು ಒಂದು ದಿನ ಹಾಗೇ ಬಿದ್ದು ಆಮೇಲೆ ಸುಧಾರಿಸ್ಕೊಳ್ಳತ್ತೆ, ಅಷ್ಟರೊಳಗೆ ಎಷ್ಟೋ ಸಲ ಯಾವುದಾದ್ರೂ ಹಕ್ಕಿ ಅದನ್ನ ಮುಗಿಸಿರತ್ತೆ. ಆ ಜೀರುಂಡೆ ಗುಲಾಬಿಯ ದೊಡ್ಡ ಶತ್ರು, ಅದು ಇರೋ ಪ್ರದೇಶದವರಿಗೆ ಇದು ಕುತೂಹಲದ ಸಂಗತಿ, ಆದ್ರೂ ಇದನ್ನೇ ನಂಬಿ ಕೂರೋಕಾಗಲ್ಲ. ಪೆಲಾರ್ಗೋನಿಯಂಗೆ ನೀರು ಕಮ್ಮಿ ಬೇಕು, ಗುಲಾಬಿ ಮಡಿಯಲ್ಲಿ ಕೊಳೆಯತ್ತೆ, ಬೇರೆ ಕುಂಡದಲ್ಲಿ ಪಕ್ಕ ಇಡಿ. ಇನ್ನೊಂದು ನಿಜವಾದ ಜೆರೇನಿಯಂ, ಕ್ರೇನ್ಸ್‌ಬಿಲ್, ನೀಲಿ ಹೂವಿನ ರೋಜಾನ್ ತಳಿ ಥರದ್ದು, ನೆಲದ ಮೇಲೆ ಎರಡಡಿ ಹಬ್ಬತ್ತೆ, ಗುಲಾಬಿಯ ನೀರು ಗೊಬ್ಬರ ಎರಡೂ ಒಪ್ಪತ್ತೆ, ಸ್ವಲ್ಪ ನೆರಳಿದ್ರೂ ನಡಿಯತ್ತೆ. ಆದ್ರೆ ಕಡ್ಡಿ ಹತ್ತೋ ಸ್ವಭಾವ ಇದೆ, ಆಗಾಗ ಹಿಂದಕ್ಕೆ ಕತ್ತರಿಸೋರಿಗೆ ಮಾತ್ರ.

ಬಳ್ಳಿ ಗುಲಾಬಿಗೆ ಕ್ಲೆಮ್ಯಾಟಿಸ್

1930ರ ನ್ಯೂ ಡಾನ್ ಥರದ ಬಳ್ಳಿ ಗುಲಾಬಿ, ಅಮೆರಿಕದ ಮೊಟ್ಟಮೊದಲ ಸಸ್ಯ ಪೇಟೆಂಟ್ 1931ರಲ್ಲಿ ಸಿಕ್ಕಿದ್ದು ಈ ತಳಿಗೇ, ಅಂಥದ್ದರ ಮೇಲೆ ಕ್ಲೆಮ್ಯಾಟಿಸ್ ಅನ್ನೋ ಹೂಬಳ್ಳಿ ಹತ್ತಿಸಿದ್ರೆ ಅದಕ್ಕಿಂತ ಚೆಂದದ ಜೋಡಿ ನಾನು ನೋಡಿಲ್ಲ. ಕ್ಲೆಮ್ಯಾಟಿಸ್‌ಗೆ ತಲೆ ಬಿಸಿಲಲ್ಲಿ ಕಾಲು ತಂಪಲ್ಲಿ ಇರಬೇಕು, ಗುಲಾಬಿಯ ನೆರಳು ಅದನ್ನ ಕೊಡತ್ತೆ. ಎರಡಕ್ಕೂ ಹಸಿವು ಒಂದೇ ಥರ, ನೀರೂ ಒಂದೇ ಥರ. ಆದ್ರೆ ಯಾವ ಕ್ಲೆಮ್ಯಾಟಿಸ್ ಅನ್ನೋದು ಮುಖ್ಯ. ಸವರೋ ರೀತಿ ನೋಡಿ ಇವನ್ನ ಮೂರು ಗುಂಪು ಮಾಡ್ತಾರೆ, ಅದರಲ್ಲಿ ಮೂರನೇ ಗುಂಪಿನದ್ದು ತಗೊಳ್ಳಿ, ವಿಟಿಸೆಲ್ಲಾ ಜಾತಿಗಳು ಇದರಲ್ಲೇ ಬರತ್ತೆ, ಇವು ಹೂ ಬಿಡೋದು ಆ ವರ್ಷದ ಹೊಸ ಬಳ್ಳಿ ಮೇಲೆ, ಹಾಗಾಗಿ ಚಳಿ ಮುಗಿಯೋ ಹೊತ್ತಿಗೆ ಗುಲಾಬಿ ಸವರುವಾಗ ಇದನ್ನೂ ಒಂದಡಿಗೆ ಕತ್ತರಿಸಿ ಹಳೇ ಬಳ್ಳಿ ಪೂರ್ತಿ ಎಳೆದು ಹಾಕ್ಬಹುದು. ಮೊದಲ ಗುಂಪಿನದ್ದು ಹಳೇ ಬಳ್ಳಿ ಮೇಲೆ ಹೂ ಬಿಡತ್ತೆ, ಅದನ್ನ ಮುಟ್ಟೋಹಾಗಿಲ್ಲ, ಇತ್ತ ಗುಲಾಬಿ ಸವರಲೇಬೇಕು, ಮುಳ್ಳಿನ ಮಧ್ಯ ಬಿಡಿಸೋಷ್ಟರಲ್ಲಿ ಕೈ ಪೂರ್ತಿ ಗೀರು. 1868ರ ಜೆಫರೀನ್ ದ್ರೂಅಂ ಅನ್ನೋ ಮುಳ್ಳಿಲ್ಲದ ಬಳ್ಳಿ ಗುಲಾಬಿ ಆ ಕಷ್ಟ ತಪ್ಪಿಸತ್ತೆ, ಆದ್ರೆ ಅದಕ್ಕೆ ಕಪ್ಪುಚುಕ್ಕೆ ಬೂದಿರೋಗ ಎರಡೂ ಬೇಗ, ಗಾಳಿ ಚೆನ್ನಾಗಿರೋ ಕಮಾನಿನ ಮೇಲೆ ಹಾಕಿ, ಗೋಡೆಗೆ ಅಂಟಿಸಿ ಬೇಡ. ಗುಲಾಬಿ ನೆಟ್ಟು ಎರಡು ವರ್ಷ ಆದ ಮೇಲೆ, ಎರಡಡಿ ದೂರದಲ್ಲಿ ಕ್ಲೆಮ್ಯಾಟಿಸ್ ನೆಡಿ, ಮೊದಲೇ ನೆಟ್ರೆ ಅದು ಗುಲಾಬಿಯನ್ನ ಮೇಲೇಳೋಕೆ ಬಿಡಲ್ಲ.

ಬೇಡವೇ ಬೇಡ ಅನ್ನೋವು

ಪುದೀನ ಮಣ್ಣಿನೊಳಗೆ ಓಡೋ ಕಾಂಡದಿಂದ ಎರಡು ಸೀಸನ್‌ನಲ್ಲಿ ಇಡೀ ಮಡಿ ತಿನ್ನತ್ತೆ, ಬೇಕಾದ್ರೆ ಕುಂಡದಲ್ಲಿ. ದಾಸವಾಳದಂಥ ದೊಡ್ಡ ಪೊದೆ, ಯಾವುದೇ ಮರದ ಬುಡ, ಎರಡೂ ಬೇಡ. ಕಪ್ಪು ವಾಲ್‌ನಟ್ ಮರದ ಬೇರು ಬಿಡೋ ಜುಗ್ಲೋನ್ ಸುತ್ತಲಿನ ಎಷ್ಟೋ ಗಿಡಕ್ಕೆ ವಿಷ, ಅದರ ಹತ್ತಿರ ಗುಲಾಬಿನೇ ಬೇಡ.

ಕುಂಡದವರಿಗೆ, ನೆಲದವರಿಗೆ

ಗುಲಾಬಿ ಕುಂಡದಲ್ಲಿದ್ರೆ ನನ್ನ ಮಾತು ನೇರ, ಅದೇ ಕುಂಡದಲ್ಲಿ ಇನ್ನೊಂದು ಗಿಡ ಹಾಕ್ಬೇಡಿ. ಹದಿನಾಲ್ಕು ಹದಿನಾರು ಇಂಚಿನ ಕುಂಡದ ಮಣ್ಣು ಒಂದು ಹೈಬ್ರಿಡ್ ಟೀಗೇ ಕಷ್ಟದಲ್ಲಿ ಸಾಕಾಗತ್ತೆ, ಬೇಸಿಗೆಯಲ್ಲಿ ದಿನಾ ನೀರು ಬೇಕು. ಚೈವ್ಸ್, ಪೆಲಾರ್ಗೋನಿಯಂ, ಲ್ಯಾವೆಂಡರ್ ಎಲ್ಲಾನೂ ಬೇರೆ ಬೇರೆ ಕುಂಡದಲ್ಲಿ ಬೆಳೆಸಿ ಗುಲಾಬಿ ಕುಂಡದ ಮುಂದೆ ಜೋಡಿಸಿ, ಒಬ್ಬೊಬ್ಬರಿಗೆ ಬೇಕಾದಷ್ಟು ನೀರು ಒಬ್ಬೊಬ್ಬರಿಗೆ, ನೆಲದಲ್ಲಿ ಆಗದೇ ಇದ್ದ ಲ್ಯಾವೆಂಡರ್ ಜೋಡಿ ಕುಂಡದಲ್ಲಿ ಸುಲಭವಾಗಿ ಆಗತ್ತೆ. ತುಂಬಾ ಆಸೆ ಇದ್ರೆ ದೊಡ್ಡ ಕುಂಡದ ಅಂಚಲ್ಲಿ ನಾಲ್ಕು ಆಲಿಸಮ್ ಬೀಜ, ಅಷ್ಟೇ.

ನೆಲದಲ್ಲಿ ಆದ್ರೆ ಎರಡು ಗುಲಾಬಿ ಮಧ್ಯ ಎರಡೂವರೆ ಅಡಿ ಬಿಡಿ, ಬುಡದ ಸುತ್ತ ಎರಡು ಮೂರು ಇಂಚು ಮಲ್ಚ್ ಹಾಕಿ ಕಾಂಡಕ್ಕೆ ತಾಗದ ಹಾಗೆ ಸರಿಸಿಡಿ. ಹವೆ ತಂಪಿದ್ರೆ ಮುಂದಿನ ಸಾಲು ಕ್ಯಾಟ್‌ಮಿಂಟ್, ಸೆಖೆ ಇದ್ರೆ ನೀಲಿ ಸಾಲ್ವಿಯಾ, ಇಬ್ಬರ ಮಧ್ಯ ಅಲ್ಲಲ್ಲಿ ಚೈವ್ಸ್, ಎಲ್ಲಕ್ಕಿಂತ ಅಂಚಲ್ಲಿ ಆಲಿಸಮ್. ಮಣ್ಣು ಮರಳು ಮರಳಾಗಿ ನೀರು ನಿಲ್ಲದ ಜಾಗ ಆದ್ರೆ ಲ್ಯಾವೆಂಡರ್‌ಗೆ ಅವಕಾಶ ಕೊಡಿ, ಆದ್ರೆ ಅಂಥ ಜಾಗದಲ್ಲಿ ಗುಲಾಬಿಗೆ ಕಾಂಪೋಸ್ಟ್ ಜಾಸ್ತಿ ಬೇಕಾಗತ್ತೆ ಅನ್ನೋದು ನೆನಪಿರಲಿ. ಮೊದಲ ವರ್ಷ ಗುಲಾಬಿ ಬೇರು ಇಳಿಸ್ಕೊಳ್ಳಲಿ, ಆಲಿಸಮ್ ಬಿಟ್ಟು ಬೇರೇನೂ ಹಾಕ್ಬೇಡಿ. ಎರಡನೇ ವರ್ಷ ಉಳಿದದ್ದು. ಆಮೇಲೆ ವಾರಕ್ಕೊಂದ್ಸಲ ಬೆಳಗ್ಗೆ ಹತ್ತರ ಹೊತ್ತಿಗೆ ಗುಲಾಬಿಯ ಅತಿ ಕೆಳಗಿನ ಎಲೆಯನ್ನ ಬೆರಳಲ್ಲಿ ಮುಟ್ಟಿ ನೋಡಿ, ಇಬ್ಬನಿ ಇನ್ನೂ ಆರದೇ ಇದ್ರೆ ಪಕ್ಕದ ಗಿಡ ಅಷ್ಟು ಹತ್ತಿರ ಬಂದಿದೆ ಅಂತ ಅರ್ಥ, ಅವತ್ತೇ ಕತ್ತರಿ ತಗೊಂಡು ಒಂದು ಗೇಣು ಹಿಂದಕ್ಕೆ ಕತ್ತರಿಸಿ.